ಕ್ಲಚ್ ಬಿಚ್ಚುವ ಮೊದಲು ಅಳತೆ ತೆಗೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಬೈಕಿನ ಕ್ಲಚ್ಚನ್ನು ಮನೆಯಲ್ಲೇ ಸರಿಪಡಿಸಿಕೊಳ್ಳುವ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನಕ್ಕೆ ಪ್ರತಿಕ್ರಿಯೆಯಾಗಿ ಈ ಪತ್ರ. ಇಂಥ ವಿಷಯಕ್ಕೆ ಪತ್ರಿಕೆ ಜಾಗ ಕೊಟ್ಟಿದ್ದು ಸಂತೋಷದ ಸಂಗತಿ. ಆದರೆ ಅದರಲ್ಲಿದ್ದ ಎರಡು ಮಾತನ್ನು ಹಾಗೇ ಬಿಟ್ಟರೆ ಓದುಗರ ಕ್ಲಚ್ ಹಾಳಾಗುತ್ತದೆ. ‘ಲಿವರ್‌ನಲ್ಲಿ ಸಡಿಲ ಉಳಿಯದಂತೆ ಕೇಬಲ್ ಬಿಗಿ ಮಾಡಿ’ ಎಂಬುದು ಮೊದಲನೆಯದು. ‘ಕ್ಲಚ್ ಸ್ಲಿಪ್ ಆಗುತ್ತಿದ್ದರೆ ಪ್ಲೇಟ್ ಬದಲಿಸಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಎರಡನೆಯದು. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದು ಅರ್ಧ ಸತ್ಯ, ಮತ್ತು ಆ ಅರ್ಧ ಸತ್ಯವನ್ನು ನಂಬಿ ಎಷ್ಟೋ ಜನ ಚೆನ್ನಾಗಿರುವ ಪ್ಲೇಟುಗಳನ್ನು ಎಸೆಯುತ್ತಾರೆ.

ಲಿವರ್ ತುದಿಯಲ್ಲಿ ಸಡಿಲ ಇರಲೇಬೇಕು. ಕೇಬಲ್ ಕ್ಲಚ್ ಇರುವ ಬಹುತೇಕ ಬೈಕುಗಳಲ್ಲಿ ಇದು 10ರಿಂದ 20 ಮಿ.ಮೀ. ಲಿವರನ್ನು ಒಂದು ಬೆರಳಿನಿಂದ ಮೆಲ್ಲಗೆ ಎಳೆದಾಗ ಏನೂ ತಡೆಯಿಲ್ಲದೆ ಬರುವ ದೂರ ಅದು. ಅಲ್ಲಿಂದ ಮುಂದೆ ಸ್ಪ್ರಿಂಗಿನ ಬಿಗಿ ಕೈಗೆ ತಾಗುತ್ತದೆ. ಕೆಲವು ತಯಾರಕರು ಇದನ್ನು ತುದಿಯಲ್ಲಿ ಅಳೆಯದೆ ಲಿವರಿನ ಬುಡದಲ್ಲಿ, ಲಿವರಿಗೂ ಅದರ ಹೋಲ್ಡರಿಗೂ ನಡುವಿನ ಸಂದಿಯಲ್ಲಿ 2-3 ಮಿ.ಮೀ. ಎಂದು ಹೇಳುತ್ತಾರೆ. ಎರಡನ್ನೂ ಬೆರೆಸಬಾರದು. ತುದಿಗೆ ಹೇಳಿದ ಅಳತೆಯನ್ನು ಬುಡದಲ್ಲಿ ಕೊಟ್ಟರೆ ಕ್ಲಚ್ ಬಿಡುವುದೇ ಇಲ್ಲ, ಅಂದರೆ ಲಿವರ್ ಹಿಡಿದರೂ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುತ್ತಲೇ ಇರುತ್ತದೆ. ನಿಮ್ಮ ಬೈಕಿನ ಕೈಪಿಡಿಯಲ್ಲಿ ಯಾವ ಜಾಗದ ಅಳತೆ ಕೊಟ್ಟಿದ್ದಾರೆ ಎಂದು ಮೊದಲು ನೋಡಬೇಕು.

ಈ ಸಡಿಲ ಏಕೆ ಬೇಕು? ಕ್ಲಚ್ಚಿನೊಳಗೆ ಘರ್ಷಣೆಯ ಪದರವಿರುವ ಪ್ಲೇಟುಗಳೂ ಉಕ್ಕಿನ ಪ್ಲೇಟುಗಳೂ ಒಂದರ ಪಕ್ಕ ಒಂದು ಇರುತ್ತವೆ, ಸ್ಪ್ರಿಂಗುಗಳು ಅವನ್ನು ಸದಾ ಒತ್ತಿ ಹಿಡಿದಿರುತ್ತವೆ. ಲಿವರ್ ಎಳೆದಾಗ ಮಾತ್ರ ಆ ಒತ್ತಡ ತೆಗೆಯುತ್ತೇವೆ. ಸಡಿಲವೇ ಇಲ್ಲದಿದ್ದರೆ ಕೈ ತೆಗೆದ ಮೇಲೂ ಕೇಬಲ್ ಸ್ವಲ್ಪ ಎಳೆದೇ ಇರುತ್ತದೆ. ಸ್ಪ್ರಿಂಗಿನ ಬಲದ ಒಂದು ಪಾಲು ಪ್ಲೇಟಿಗೆ ಹೋಗದೆ ಕೇಬಲ್ಲಿಗೆ ಹೋಗುತ್ತದೆ. ಏರಿನಲ್ಲಿ, ಹಿಂದೆ ಒಬ್ಬರು ಕೂತಾಗ, ಟಾಪ್ ಗೇರಿನಲ್ಲಿ ಎಕ್ಸಲರೇಟರ್ ಪೂರ್ತಿ ತಿರುವಿದಾಗ ಪ್ಲೇಟ್ ಜಾರುತ್ತದೆ. ಜಾರಿದರೆ ಬಿಸಿ, ಬಿಸಿಯಾದರೆ ಉಕ್ಕಿನ ಪ್ಲೇಟ್ ಸೊಟ್ಟಗಾಗುತ್ತದೆ, ಘರ್ಷಣೆಯ ಪದರ ಕಾದು ಗಾಜಿನಂತೆ ಹೊಳಪೇರುತ್ತದೆ. ಪುಷ್ ರಾಡ್ (ಕ್ಲಚ್ ಬಿಡಿಸಲು ತಳ್ಳುವ ಸರಳು) ಇರುವ ಎಂಜಿನ್ನುಗಳಲ್ಲಿ ರಾಡಿನ ತುದಿಯೂ ಆ ತಳ್ಳುವಿಕೆಯನ್ನು ಹೊರುವ ರಿಲೀಸ್ ಬೇರಿಂಗೂ ಬಿಡುವಿಲ್ಲದೆ ಉಜ್ಜಿಕೊಳ್ಳುತ್ತವೆ. ರಾಡ್ ತೆಗೆದು ನೋಡಿದಾಗ ತುದಿ ನೀಲಿಯಾಗಿದ್ದರೆ, ಅಥವಾ ಅಣಬೆಯ ತಲೆಯಂತೆ ಅಗಲವಾಗಿದ್ದರೆ, ಸಡಿಲವಿಲ್ಲದೆ ಓಡಿದ ಬೈಕು ಅದು.

ಈ ಸಡಿಲದ ಬದಲಾವಣೆಯನ್ನು ಗಮನಿಸಿದವರಿಗೆ ಎಂಜಿನ್ನಿನ ಕ್ಲಚ್ ಕವರ್ ತೆಗೆಯುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ಪ್ಲೇಟು ಸವೆದಂತೆ ಲಿವರಿನ ಸಡಿಲ ಕಡಿಮೆಯಾಗುತ್ತದೆ, ಏಕೆಂದರೆ ಪ್ಲೇಟುಗಳ ಕಟ್ಟು ತೆಳುವಾದಷ್ಟೂ ಪ್ರೆಷರ್ ಪ್ಲೇಟು (ಕಟ್ಟನ್ನು ಒತ್ತುವ ತಟ್ಟೆ) ಕ್ಲಚ್ ಬಿಡಿಸುವ ಭಾಗದ ಕಡೆಗೆ ಸರಿದು ಬರುತ್ತದೆ. ಕೇಬಲ್ ಹಿಗ್ಗಿದರೆ ಅಥವಾ ಅದರ ಎಳೆಗಳು ಕಡಿಯತೊಡಗಿದರೆ ಸಡಿಲ ಹೆಚ್ಚುತ್ತದೆ. ತಿಂಗಳಿಗೊಮ್ಮೆ ಅಡ್ಜಸ್ಟರನ್ನು ಬಿಗಿ ಮಾಡಬೇಕಾಗಿ ಬರುತ್ತಿದ್ದರೆ ಕೇಬಲ್ ನೋಡಿ. ಸಡಿಲ ಬಿಡಬೇಕಾಗಿ ಬರುತ್ತಿದ್ದರೆ ಪ್ಲೇಟ್ ಸವೆಯುತ್ತಿದೆ. ಇಷ್ಟು ತಿಳಿದಿದ್ದರೆ ಎಷ್ಟೋ ಅನಗತ್ಯ ಕೆಲಸ ತಪ್ಪುತ್ತದೆ.

ಇನ್ನು ದೋಷವನ್ನು ಹೆಸರು ಹಿಡಿದು ಗುರುತಿಸುವುದು. ಎಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ: ಇದು ಸ್ಲಿಪ್. ಲಿವರ್ ಪೂರ್ತಿ ಹಿಡಿದರೂ ಫಸ್ಟ್ ಗೇರಿನಲ್ಲಿ ಬೈಕು ಮುಂದಕ್ಕೆ ತೆವಳುತ್ತದೆ, ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ, ಗೇರ್ ಹಾಕಿದಾಗ ‘ಟಕ್’ ಎಂದು ಜೋರಾಗಿ ಬಡಿಯುತ್ತದೆ: ಇದು ಕ್ಲಚ್ ಬಿಡದಿರುವುದು. ಇವೆರಡೂ ಒಂದಕ್ಕೊಂದು ವಿರುದ್ಧವಾದ ದೋಷ. ಮೊದಲನೆಯದಕ್ಕೆ ಸಡಿಲ ಕೊಡಬೇಕು, ಎರಡನೆಯದಕ್ಕೆ ಹೆಚ್ಚಿರುವ ಸಡಿಲ ತೆಗೆಯಬೇಕು. ಲಿವರ್ ಬಿಡುವಾಗ ಬೈಕು ನಡುಗುತ್ತಾ ಹೊರಟರೆ ಅದು ಮೂರನೆಯ ಜಾತಿ: ಸೊಟ್ಟ ಪ್ಲೇಟ್, ಬಲ ವ್ಯತ್ಯಾಸವಾದ ಸ್ಪ್ರಿಂಗ್, ಅಥವಾ ಹೌಸಿಂಗಿನ (ಪ್ಲೇಟುಗಳು ಕೂರುವ ಹೊರಗಿನ ಬುಟ್ಟಿ) ಬೆರಳುಗಳಲ್ಲಿ ಬಿದ್ದ ಗುಳಿ. ಲಿವರ್ ಹಿಡಿದಾಗ ಮಾತ್ರ ಕರಕರ ಸದ್ದು ಬಂದರೆ ರಿಲೀಸ್ ಬೇರಿಂಗನ್ನು ಅನುಮಾನಿಸಬೇಕು. ಒಂದು ಎಚ್ಚರಿಕೆ: ರಾತ್ರಿಯಿಡೀ ನಿಂತ ಬೈಕಿನಲ್ಲಿ ಬೆಳಿಗ್ಗೆ ಮೊದಲ ಸಲ ಗೇರ್ ಹಾಕಿದಾಗ ಸ್ವಲ್ಪ ಬಡಿಯುವುದು ಸಹಜ. ತಣ್ಣಗಿನ ಆಯಿಲ್ ಪ್ಲೇಟುಗಳನ್ನು ಅಂಟಿಸಿ ಹಿಡಿದಿರುತ್ತದೆ. ಎಂಜಿನ್ ಬಿಸಿಯಾದ ಮೇಲೂ ಹಾಗೇ ಇದ್ದರೆ ಮಾತ್ರ ದೋಷ.

ಸ್ಲಿಪ್ ಆಗುತ್ತಿದೆ ಎಂದಾದರೆ ಮೊದಲು ಸಡಿಲ ನೋಡಿ, ಆಮೇಲೆ ಆಯಿಲ್ ನೋಡಿ. ಲೇಖನದಲ್ಲಿ ಆಯಿಲ್ ಎಂಬ ಪದವೇ ಇರಲಿಲ್ಲ. ಹೆಚ್ಚಿನ ಬೈಕುಗಳ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಕಾರಿನ ಕ್ಲಚ್ ಒಣಗಿರುವುದರಿಂದ ಕಾರಿನ ಆಯಿಲ್ ತಯಾರಿಸುವವರು ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಇಂಧನ ಉಳಿಸಲೆಂದು ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಕೆಲವು ಕಾರ್ ಆಯಿಲುಗಳಿಗೆ ಸೇರಿಸುತ್ತಾರೆ. ಅದೇ ಆಯಿಲ್ ಬೈಕಿಗೆ ಹೋದರೆ ಹೊಸ ಪ್ಲೇಟೂ ಜಾರಬಹುದು. ಅದಕ್ಕೇ ಬೈಕಿನ ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತು ಹುಡುಕಬೇಕು. ಇದು ಜಪಾನಿನ ವಾಹನ ಮಾನಕ. ಕ್ಲಚ್ ಪ್ಲೇಟಿನ ಮೇಲೇ ಪರೀಕ್ಷಿಸಿ ಕೊಡುವ ದರ್ಜೆ. ಎಂಎ2ದಲ್ಲಿ ಘರ್ಷಣೆ ಹೆಚ್ಚು. ಎಂಬಿ ಎಂದಿದ್ದರೆ ಅದು ಘರ್ಷಣೆ ಕಡಿಮೆಯಿರುವ ಆಯಿಲ್, ಕ್ಲಚ್ ಆಯಿಲಿನಲ್ಲಿ ಮುಳುಗಿರದ ಸ್ಕೂಟರುಗಳಿಗೆ. ಎಂಜಿನ್ ನಯವಾಗಲಿ ಎಂದು ಬೇರೆ ಬಾಟಲಿಯ ದ್ರವ ಬೆರೆಸುವವರಿಗೂ ಇದೇ ಮಾತು. ಎಂಜಿನ್ನಿನ ಒಳಗೆ ಯಾವುದು ನಯವಾಗಬೇಕೋ ಅದರ ಜೊತೆ ನಯವಾಗಬಾರದ ಕ್ಲಚ್ಚೂ ನಯವಾಗುತ್ತದೆ. ತಪ್ಪು ಆಯಿಲ್ ಹಾಕಿದ ಮೇಲೆ ಸ್ಲಿಪ್ ಶುರುವಾಗಿದ್ದರೆ, ಸರಿಯಾದ ಆಯಿಲ್ ಹಾಕಿ ಸ್ವಲ್ಪ ಓಡಿಸಿ ಮತ್ತೊಮ್ಮೆ ಬದಲಿಸಿ ನೋಡಿ. ಪ್ಲೇಟು ಕಾದು ಹೊಳಪೇರಿರದಿದ್ದರೆ ಹಿಡಿತ ಮರಳುವುದುಂಟು.

ಕ್ಲಚ್ ಬಿಡದಿರುವ ದೋಷವಾದರೆ ಕೇಬಲ್ಲಿನಿಂದ ಶುರು ಮಾಡಬೇಕು. ಕೇಬಲ್ ಹೆಚ್ಚಾಗಿ ಕಡಿಯುವುದು ಲಿವರಿನ ಹತ್ತಿರ, ತಂತಿಯ ತುದಿಯ ಲೋಹದ ಗುಂಡಿನ ಬುಡದಲ್ಲಿ. ಆ ಗುಂಡು ಲಿವರಿನ ತೂತಿನಲ್ಲಿ ತಿರುಗದೆ ಹಿಡಿದುಕೊಂಡರೆ ಪ್ರತಿ ಸಲವೂ ತಂತಿ ಅದೇ ಜಾಗದಲ್ಲಿ ಬಾಗುತ್ತದೆ, ಎಳೆ ಒಂದೊಂದಾಗಿ ಹೋಗುತ್ತದೆ. ಹಾಗಾಗಿ ಆ ಗುಂಡಿಗೂ ಲಿವರಿನ ಬೋಲ್ಟಿಗೂ ಒಂದು ಹನಿ ಗ್ರೀಸ್ ಹಚ್ಚುವುದು ಕೇಬಲ್ಲಿನ ಆಯಸ್ಸನ್ನೇ ಹೆಚ್ಚಿಸುವ ಕೆಲಸ. ಒಂದೇ ಒಂದು ಎಳೆ ಕಡಿದಿರುವುದು ಕಂಡರೂ ಕೇಬಲ್ ಬದಲಿಸಿಬಿಡಿ. ಉಳಿದ ಎಳೆಗಳ ಮೇಲೆ ಭಾರ ಹೆಚ್ಚಾಗಿ ಅವೂ ಬೇಗ ಹೋಗುತ್ತವೆ.

ಕೇಬಲ್ ತೆಗೆಯುವಾಗ ಲಿವರ್ ಕಡೆಯ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ, ಎಂಜಿನ್ ಕಡೆಯ ಅಡ್ಜಸ್ಟರನ್ನು ಸಡಿಲ ಮಾಡಿ. ಆಮೇಲೆ ಅಡ್ಜಸ್ಟರ್, ಲಾಕ್ ನಟ್, ಲಿವರ್ ಹೋಲ್ಡರ್ ಈ ಮೂರರ ಸೀಳುಗಳನ್ನು ಒಂದೇ ಗೆರೆಗೆ ತಂದರೆ ತಂತಿ ತಾನಾಗಿ ಹೊರಬರುತ್ತದೆ. ಹಳೆಯ ಕೇಬಲ್ಲಿನ ಒಂದು ತುದಿಗೆ ಗಟ್ಟಿ ದಾರ ಕಟ್ಟಿ ಇನ್ನೊಂದು ತುದಿಯಿಂದ ಎಳೆದರೆ ದಾರ ಅದೇ ದಾರಿಯಲ್ಲಿ ಉಳಿಯುತ್ತದೆ. ಹೊಸ ಕೇಬಲ್ಲನ್ನು ಆ ದಾರಕ್ಕೆ ಕಟ್ಟಿ ವಾಪಸ್ ಎಳೆದುಕೊಳ್ಳಿ. ಟ್ಯಾಂಕಿನ ಕೆಳಗೆ ಎಲ್ಲಿಂದ ಎಲ್ಲಿಗೆ ಹೋಗಿತ್ತು ಎಂದು ಊಹಿಸುವ ಕಷ್ಟವಿಲ್ಲ. ಕೂರಿಸಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಸಡಿಲ ನೋಡಿ. ಎರಡೂ ಕಡೆ ಒಂದೇ ಇದ್ದರೆ ಕೇಬಲ್ ಸರಿಯಾದ ದಾರಿಯಲ್ಲಿದೆ. ಒಂದು ಕಡೆ ತಿರುಗಿಸಿದಾಗ ಸಡಿಲ ಮಾಯವಾದರೆ ಎಲ್ಲೋ ಸಿಕ್ಕಿಕೊಂಡಿದೆ. ದೊಡ್ಡ ಹೊಂದಾಣಿಕೆಯನ್ನು ಎಂಜಿನ್ ಕಡೆಯ ಅಡ್ಜಸ್ಟರಿನಲ್ಲಿ ಮಾಡಿಕೊಂಡು, ಲಿವರ್ ಕಡೆಯದನ್ನು ಸಣ್ಣ ತಿದ್ದುಪಡಿಗೆ ಉಳಿಸಿಕೊಳ್ಳಬೇಕು. ಲಿವರ್ ಕಡೆಯದು ಮುಕ್ಕಾಲು ಪಾಲು ಹೊರಗೆ ಬಂದಿದ್ದರೆ ಅದರ ತಿರುಪಿನ ಎಳೆಗಳಿಗೆ ಹಿಡಿತ ಸಾಲದೆ ಬಾಗುತ್ತದೆ. ಕೊನೆಗೆ ಅಡ್ಜಸ್ಟರಿನ ಸೀಳು ಮೇಲ್ಮುಖವಾಗಿರದಂತೆ ತಿರುಗಿಸಿ, ಇಲ್ಲದಿದ್ದರೆ ಮಳೆ ನೀರು ನೇರ ಕೇಬಲ್ಲಿನೊಳಗೆ ಇಳಿಯುತ್ತದೆ.

ಕೆಲವು ಎಂಜಿನ್ನುಗಳಲ್ಲಿ ಕೇಬಲ್ ಅಲ್ಲದೆ ಪುಷ್ ರಾಡಿನ ತುದಿಯಲ್ಲೂ ಒಂದು ಸ್ಕ್ರೂ, ಒಂದು ಲಾಕ್ ನಟ್ ಇರುತ್ತವೆ. ಅಲ್ಲಿ ಮೊದಲು ಕೇಬಲ್ ಪೂರ್ತಿ ಸಡಿಲ ಮಾಡಿ, ಸ್ಕ್ರೂ ಮೆಲ್ಲಗೆ ಒಳಗೆ ತಿರುಗಿಸಿ, ತಾಗಿತು ಎನಿಸಿದಲ್ಲಿ ನಿಲ್ಲಿಸಿ, ಸುಮಾರು ಕಾಲು ಸುತ್ತು ಹಿಂದಕ್ಕೆ ತೆಗೆದು ಲಾಕ್ ನಟ್ ಬಿಗಿ ಮಾಡಬೇಕು. ಆಮೇಲೆ ಕೇಬಲ್. ಈ ಕ್ರಮ ತಲೆಕೆಳಗಾದರೆ ಲಿವರಿನಲ್ಲಿ ಸಡಿಲ ಸರಿಯಾಗಿ ಕಂಡರೂ ಕ್ಲಚ್ ಅರ್ಧವೇ ಬಿಡುತ್ತದೆ.

ಸಡಿಲ, ಆಯಿಲ್, ಕೇಬಲ್ ಮೂರೂ ಸರಿಯಿದ್ದು ದೋಷ ಉಳಿದರೆ ಮಾತ್ರ ಕವರ್ ಬಿಚ್ಚುವ ಮಾತು. ಇದಕ್ಕೆ ಬೇಕಾದ ಸಲಕರಣೆ ಹೆಚ್ಚೇನಿಲ್ಲ: 8 ಮತ್ತು 10 ಮಿ.ಮೀ. ಟಿ ಸ್ಪ್ಯಾನರ್, ವರ್ನಿಯರ್ ಕ್ಯಾಲಿಪರ್, ಸಂದಿ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್, ಸಾಧ್ಯವಾದರೆ ಸಣ್ಣ ಟಾರ್ಕ್ ರೆಂಚ್, ಒಂದು ದಪ್ಪ ಗಾಜಿನ ತುಂಡು, ಹೊಸ ಕವರ್ ಪ್ಯಾಕಿಂಗ್, ಮತ್ತು ಆ ಎಂಜಿನ್ನಿಗೆ ಬೇಕಾದಷ್ಟು ಹೊಸ ಆಯಿಲ್. ಪ್ಯಾಕಿಂಗ್ ಕೈಯಲ್ಲಿಲ್ಲದೆ ಕವರ್ ಬಿಚ್ಚಬೇಡಿ. ಹಳೆಯದು ಹರಿಯದೆ ಬರುವುದು ಅದೃಷ್ಟ, ಹರಿದರೆ ಬೈಕು ಅಲ್ಲೇ ನಿಲ್ಲುತ್ತದೆ.

ಎಂಜಿನ್ ಬೆಚ್ಚಗಿರುವಾಗ ಆಯಿಲ್ ಇಳಿಸಿ, ಪೂರ್ತಿ ತಣಿದ ಮೇಲೆ ಕವರಿಗೆ ಕೈ ಹಾಕಿ. ಕವರಿನ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬೋಲ್ಟ್ ಇದ್ದ ಜಾಗಗಳಲ್ಲೇ ತೂತು ಮಾಡಿ ಅದದೇ ಬೋಲ್ಟನ್ನು ಸಿಕ್ಕಿಸಿಡಿ. ಉದ್ದದ ಬೋಲ್ಟು ಗಿಡ್ಡ ಜಾಗಕ್ಕೆ ಹೋದರೆ ತಳಕ್ಕೆ ತಾಗಿ ಬಿಗಿಯಾದಂತೆ ಕಾಣುತ್ತದೆ, ಕವರು ಮಾತ್ರ ಕೂತಿರುವುದಿಲ್ಲ. ಗಿಡ್ಡದು ಉದ್ದದ ಜಾಗಕ್ಕೆ ಹೋದರೆ ಎರಡೇ ಸುತ್ತು ಹಿಡಿದು ಅಲ್ಯೂಮಿನಿಯಮ್ಮಿನ ತಿರುಪಿನ ಎಳೆಯನ್ನು ಕಿತ್ತುಕೊಂಡು ಬರುತ್ತದೆ. ಕವರು ಅಂಟಿಕೊಂಡಿದ್ದರೆ ಸುತ್ತ ರಬ್ಬರ್ ಅಥವಾ ಮರದ ಸುತ್ತಿಗೆಯಿಂದ ತಟ್ಟಬೇಕೇ ಹೊರತು ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಆ ಒಂದು ಗೀರಿನಿಂದ ಮುಂದೆ ಸದಾ ಆಯಿಲ್ ಸೋರುತ್ತದೆ. ಕವರು ಬಿಟ್ಟು ಬರುವಾಗ ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಎರಡು ಡೋವೆಲ್ ಪಿನ್ನು ಯಾವ ಕಡೆ ಉಳಿದವು ಎಂದು ನೋಡಿಕೊಳ್ಳಿ. ಕೆಲವು ಎಂಜಿನ್ನುಗಳಲ್ಲಿ ಕವರಿನೊಳಗಿನ ದಾರಿಯಿಂದಲೇ ಕ್ರ್ಯಾಂಕಿಗೆ ಆಯಿಲ್ ಹೋಗುತ್ತದೆ. ಅಲ್ಲಿ ಒಂದು ಸಣ್ಣ ಸೀಲು ಅಥವಾ ಸ್ಪ್ರಿಂಗಿನ ಮೇಲೆ ಕೂತ ತುಂಡು ಇರುತ್ತದೆ. ಅದು ಉದುರಿ ಹೋದದ್ದು ತಿಳಿಯದೆ ಕವರು ಮುಚ್ಚಿದರೆ ಕ್ಲಚ್ ರಿಪೇರಿ ಎಂಜಿನ್ ರಿಪೇರಿಯಾಗುತ್ತದೆ.

ಕೆಲವರು ಉಕ್ಕಿನ ಪ್ಲೇಟಿಗೂ ‘ಪ್ರೆಷರ್ ಪ್ಲೇಟ್’ ಎನ್ನುವುದರಿಂದ ಗೊಂದಲವಾಗುತ್ತದೆ. ಇಲ್ಲಿ ಆ ಹೆಸರನ್ನು ಸ್ಪ್ರಿಂಗುಗಳ ಬಲವನ್ನು ಪ್ಲೇಟುಗಳ ಮೇಲೆ ಹಾಕುವ ಅಲ್ಯೂಮಿನಿಯಂ ತಟ್ಟೆಗೆ ಮಾತ್ರ ಬಳಸಿದ್ದೇನೆ. ಸ್ಪ್ರಿಂಗಿನ ಬೋಲ್ಟುಗಳನ್ನು ಒಂದನ್ನೇ ಪೂರ್ತಿ ಬಿಚ್ಚದೆ, ಎದುರುಬದುರಾಗಿ, ಎಲ್ಲವನ್ನೂ ಒಂದೊಂದು ಸುತ್ತಿನಂತೆ ಸಡಿಲಿಸುತ್ತಾ ಬನ್ನಿ. ಒಂದೇ ಕಡೆ ಬಿಚ್ಚಿದರೆ ತಟ್ಟೆ ಓರೆಯಾಗಿ, ಕೊನೆಯ ಬೋಲ್ಟಿನ ಕಂಬ ಮುರಿಯಬಹುದು. ಪ್ಲೇಟುಗಳನ್ನು ಹೊರತೆಗೆದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಎಲ್ಲ ಪ್ಲೇಟೂ ಒಂದೇ ಥರ ಎಂದುಕೊಳ್ಳಬೇಡಿ. ನಡುವಿನ ತೂತು ಉಳಿದವಕ್ಕಿಂತ ದೊಡ್ಡದಿರುವ ಒಂದು ಘರ್ಷಣೆ ಪ್ಲೇಟ್ ಇದ್ದು, ಅದರೊಳಗೆ ತೆಳುವಾದ ಬಟ್ಟಲಿನಾಕಾರದ ನಡುಕ ತಡೆಯುವ ಸ್ಪ್ರಿಂಗೂ ಅದರ ಸೀಟೂ ಇರಬಹುದು. ಆ ಸ್ಪ್ರಿಂಗಿನ ಮುಖ ಯಾವ ಕಡೆಗಿತ್ತು ಎಂಬುದು ಫೋಟೊದಲ್ಲಿ ಕಾಣುವಂತಿರಲಿ. ಇನ್ನು ಕೆಲವದರಲ್ಲಿ ಎಲ್ಲಕ್ಕಿಂತ ಹೊರಗಿನ ಘರ್ಷಣೆ ಪ್ಲೇಟಿನ ಕಿವಿಗಳು (ಅಂಚಿನಿಂದ ಹೊರಚಾಚಿದ ಭಾಗಗಳು) ಉಳಿದವುಗಳ ಸಾಲಿನಲ್ಲಿರದೆ, ಪಕ್ಕದ ಗಿಡ್ಡ ಸೀಳುಗಳಲ್ಲಿ ಕೂರುತ್ತವೆ.

ಈಗ ಅಳತೆ. ಲೇಖನದಲ್ಲಿ ಇರಬೇಕಿದ್ದದ್ದು ಇದೇ. ಘರ್ಷಣೆ ಪ್ಲೇಟಿನ ದಪ್ಪವನ್ನು ವರ್ನಿಯರಿನಿಂದ ಮೂರು ನಾಲ್ಕು ಕಡೆ ಅಳೆಯಿರಿ. ಸಣ್ಣ ಬೈಕುಗಳಲ್ಲಿ ಹೊಸ ಪ್ಲೇಟು ಸಾಮಾನ್ಯವಾಗಿ 3 ಮಿ.ಮೀ. ಆಸುಪಾಸು ಇರುತ್ತದೆ, 2.6 ಮಿ.ಮೀ. ಹತ್ತಿರಕ್ಕೆ ಬಂದರೆ ಬದಲಿಸುವ ಮಿತಿ. ಅಂತಿಮ ಅಂಕಿ ನಿಮ್ಮ ಬೈಕಿನ ಸರ್ವಿಸ್ ಕೈಪಿಡಿಯದೇ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಮಹತ್ವ ಏಕೆ ಎಂದು ಕೇಳುವವರಿದ್ದಾರೆ. ಐದು ಪ್ಲೇಟು ತಲಾ 0.4 ಮಿ.ಮೀ. ಸವೆದರೆ ಒಟ್ಟು ಕಟ್ಟು 2 ಮಿ.ಮೀ. ತೆಳುವಾಯಿತು. ಸ್ಪ್ರಿಂಗು ಆ 2 ಮಿ.ಮೀ. ಹಿಗ್ಗಿಕೊಳ್ಳುತ್ತದೆ. ಸ್ಪ್ರಿಂಗನ್ನು ಕೂರಿಸುವಾಗ ಕೆಲವೇ ಮಿಲಿಮೀಟರ್ ಅದುಮಿರುತ್ತೇವೆ, ಅದರಲ್ಲಿ 2 ಮಿ.ಮೀ. ಹೋದರೆ ಒತ್ತುವ ಬಲದ ದೊಡ್ಡ ಪಾಲೇ ಹೋದಂತೆ. ಪದರ ಇನ್ನೂ ಉಳಿದಿರುವುದು ಕಣ್ಣಿಗೆ ಕಂಡರೂ ಕ್ಲಚ್ ಜಾರುವುದು ಇದಕ್ಕೇ. ಕಣ್ಣಂದಾಜು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಉಕ್ಕಿನ ಪ್ಲೇಟು ಸವೆಯುವುದು ಕಡಿಮೆ, ಸೊಟ್ಟಗಾಗುವುದು ಹೆಚ್ಚು. ಅದನ್ನು ಗಾಜಿನ ಮೇಲೆ ಮಲಗಿಸಿ, ಅಂಚಿನ ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿ. 0.2 ಮಿ.ಮೀ. ಎಲೆ ಸಲೀಸಾಗಿ ಒಳಗೆ ಹೋದರೆ ಹೆಚ್ಚಿನ ಬೈಕುಗಳಲ್ಲಿ ಆ ಪ್ಲೇಟಿನ ಕಾಲ ಮುಗಿಯಿತು. ಎರಡೂ ಮುಖ ತಿರುವಿ ನೋಡಬೇಕು, ಬಟ್ಟಲಿನಂತೆ ಬಾಗಿದ್ದರೆ ಒಂದು ಮುಖದಲ್ಲಿ ತಿಳಿಯುವುದಿಲ್ಲ. ನೀಲಿ ಕಲೆ ಅಲ್ಲಿ ಬಿಸಿ ಏರಿತ್ತು ಎನ್ನುವುದರ ಗುರುತು. ಕಲೆಯಿದ್ದೂ ಚಪ್ಪಟೆಯಾಗಿದ್ದರೆ ಬಳಸಬಹುದು. ಆದರೆ ಬಿಸಿ ಏಕೆ ಏರಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು. ಅರ್ಧ ಕ್ಲಚ್ ಹಿಡಿದೇ ಏರು ಹತ್ತಿಸುವ, ಸಿಗ್ನಲ್ಲಿನಲ್ಲಿ ಗೇರಿನಲ್ಲೇ ನಿಲ್ಲಿಸುವ ಅಭ್ಯಾಸ ಬದಲಾಗದಿದ್ದರೆ ಹೊಸ ಪ್ಲೇಟಿಗೂ ಅದೇ ಕಲೆ ಬರುತ್ತದೆ.

ಘರ್ಷಣೆ ಪ್ಲೇಟಿನ ಹೊಳಪನ್ನು ಮರಳು ಕಾಗದದಿಂದ ಉಜ್ಜಿ ತೆಗೆದು ಮತ್ತೆ ಹಾಕುವುದು ಬಹಳ ಜನ ಮಾಡುವ ಕೆಲಸ. ದಪ್ಪ ಮಿತಿಯೊಳಗಿದ್ದರೆ ಕೆಲ ದಿನ ನಡೆಯುತ್ತದೆ. ಆದರೆ ಉಜ್ಜಿದಷ್ಟೂ ದಪ್ಪ ಹೋಗುತ್ತದೆ, ಸಮನಾಗಿ ಹೋಗುವುದೂ ಇಲ್ಲ. ಹೊಸದು ಸಿಗುವ ತನಕದ ತಾತ್ಕಾಲಿಕ ಉಪಾಯ ಅಷ್ಟೇ. ಸುಟ್ಟ ವಾಸನೆ ಬರುವ, ಪದರ ಚಕ್ಕೆ ಎದ್ದ ಪ್ಲೇಟಿಗೆ ಅದನ್ನೂ ಮಾಡಬಾರದು.

ಸ್ಪ್ರಿಂಗುಗಳನ್ನು ಅಳೆಯದೆ ಪ್ಲೇಟು ಮಾತ್ರ ಬದಲಿಸಿದರೆ ಅರ್ಧ ಕೆಲಸ. ಬಿಸಿಗೆ ಸ್ಪ್ರಿಂಗು ಕುಗ್ಗುತ್ತದೆ. ಎಲ್ಲವನ್ನೂ ಸಾಲಾಗಿ ನಿಲ್ಲಿಸಿದರೆ ಗಿಡ್ಡದ್ದು ಕಣ್ಣಿಗೇ ಬೀಳುತ್ತದೆ. ಆಮೇಲೆ ಒಂದೊಂದನ್ನೂ ವರ್ನಿಯರಿನಿಂದ ಅಳೆದು ಕೈಪಿಡಿಯ ಮಿತಿಗೆ ಹೋಲಿಸಬೇಕು. ಹೊಸದರ ಉದ್ದಕ್ಕಿಂತ ಒಂದೆರಡು ಮಿ.ಮೀ. ಕುಗ್ಗಿದರೇ ಮಿತಿ ಮುಟ್ಟಿರುತ್ತದೆ. ಒಂದು ಕುಗ್ಗಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ, ಬಲ ಸಮನಾಗಿರದಿದ್ದರೆ ತಟ್ಟೆ ಓರೆಯಾಗಿ ಏಳುತ್ತದೆ. ಸ್ಪ್ರಿಂಗಿನ ಕೆಳಗೆ ವಾಷರ್ ಇಟ್ಟು ಬಲ ಹೆಚ್ಚಿಸುವ ಹಳೆಯ ಉಪಾಯವನ್ನು ಮಾಡಲೇಬೇಡಿ. ಲಿವರ್ ಎಳೆದಾಗ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಿ ನಿಲ್ಲಬಹುದು. ಆಗ ಕ್ಲಚ್ ಬಿಡುವುದಿಲ್ಲ, ಭಾರವೆಲ್ಲ ಕೇಬಲ್ ಮತ್ತು ಬೋಲ್ಟಿನ ಕಂಬಗಳ ಮೇಲೆ ಬೀಳುತ್ತದೆ.

ಹೌಸಿಂಗಿನ ಬೆರಳುಗಳನ್ನು ಉಗುರಿನಿಂದ ಸವರಿ ನೋಡಿ. ಘರ್ಷಣೆ ಪ್ಲೇಟಿನ ಕಿವಿಗಳು ಬಡಿದು ಬಡಿದು ಅಲ್ಲಿ ಮೆಟ್ಟಿಲಿನಂಥ ಗುಳಿ ಬೀಳುತ್ತವೆ. ಪ್ಲೇಟು ಜಾರಿ ಸರಿಯಬೇಕಾದ ಜಾಗದಲ್ಲಿ ಆ ಗುಳಿಯಲ್ಲಿ ಸಿಕ್ಕಿ ನಿಲ್ಲುತ್ತದೆ. ಕೇಬಲ್ ಹೊಸದು, ಪ್ಲೇಟು ಹೊಸದು, ಆದರೂ ಕ್ಲಚ್ ಬಿಡುತ್ತಿಲ್ಲ ಎಂಬ ದೂರಿಗೆ ಅನೇಕ ಸಲ ಇದೇ ಕಾರಣ. ಉಗುರಿಗೆ ತುಸುವೇ ತಾಗುವ ಗುಳಿಯನ್ನು ನಯವಾದ ಅರದಿಂದ ಸಮ ಮಾಡಬಹುದು. ಅರದ ಪುಡಿ ಎಂಜಿನ್ನಿನೊಳಗೆ ಬೀಳದಂತೆ ಸುತ್ತ ಬಟ್ಟೆ ತುಂಬಿರಬೇಕು. ಗುಳಿ ಆಳವಾಗಿದ್ದರೆ ಹೌಸಿಂಗನ್ನೇ ಬದಲಿಸುವುದು ಒಳ್ಳೆಯದು, ಹೆಚ್ಚು ಅರೆದಷ್ಟೂ ಕಿವಿಗೂ ಸೀಳಿಗೂ ನಡುವೆ ಜಾಗ ಹೆಚ್ಚಿ ಇನ್ನೂ ಜೋರಾಗಿ ಬಡಿಯುತ್ತದೆ.

ಎಲ್ಲ ಬೈಕಿನಲ್ಲೂ ಬೋಲ್ಟು ಬಿಚ್ಚಿದ ಕೂಡಲೇ ಪ್ಲೇಟು ಕೈಗೆ ಬರುವುದಿಲ್ಲ ಎಂಬುದನ್ನೂ ಓದುಗರಿಗೆ ಹೇಳಬೇಕಿತ್ತು. ಕೆಲವು ಎಂಜಿನ್ನುಗಳಲ್ಲಿ ಪ್ರೆಷರ್ ಪ್ಲೇಟು ಒಳಗಡೆಗಿರುತ್ತದೆ. ಹೊರಗೆ ಕಾಣುವುದು ಅದನ್ನು ಬಿಡಿಸುವ ಲಿಫ್ಟರ್ ಪ್ಲೇಟ್ ಮಾತ್ರ. ಅಲ್ಲಿ ನಡುವಿನ ಲಾಕ್ ನಟ್ ಅಥವಾ ಸರ್ಕ್ಲಿಪ್ (ಗಾಡಿಯಲ್ಲಿ ಕೂರುವ ಉಕ್ಕಿನ ಬಳೆ) ತೆಗೆದು ಸೆಂಟರ್ (ಉಕ್ಕಿನ ಪ್ಲೇಟುಗಳು ಕೂರುವ ನಡುವಿನ ಹಲ್ಲಿನ ಭಾಗ) ಸಮೇತ ಇಡೀ ಕಟ್ಟನ್ನು ಹೊರಗೆ ತರಬೇಕು. ಆ ನಟ್ ಬಿಗಿಯಾಗಿರುತ್ತದೆ. ವಾಷರಿನ ಮಡಿಕೆ ಇದ್ದರೆ ಮೊದಲು ಬಿಡಿಸಿ, ಟಾಪ್ ಗೇರಿಗೆ ಹಾಕಿ, ಇನ್ನೊಬ್ಬರಿಂದ ಹಿಂದಿನ ಬ್ರೇಕ್ ಒತ್ತಿಸಿಕೊಂಡರೆ ಸೆಂಟರ್ ತಿರುಗದೆ ನಿಲ್ಲುತ್ತದೆ. ಸೆಂಟರ್ ಹಿಡಿಯುವ ಸಲಕರಣೆ ಇದ್ದರೆ ಇನ್ನೂ ಒಳ್ಳೆಯದು. ಹಲ್ಲುಗಳ ನಡುವೆ ಸ್ಕ್ರೂಡ್ರೈವರ್ ಸಿಕ್ಕಿಸಿ ನಿಲ್ಲಿಸುವವರು ಒಂದು ನಟ್ಟಿಗಾಗಿ ಗೇರಿನ ಹಲ್ಲನ್ನು ಪಣಕ್ಕಿಡುತ್ತಾರೆ. ನಟ್ಟಿನ ಹಿಂದಿನ ವಾಷರುಗಳ ಕ್ರಮವನ್ನು ಬರೆದಿಟ್ಟುಕೊಳ್ಳಿ. ಸೆಂಟರಿಗೂ ಹೌಸಿಂಗಿಗೂ ನಡುವಿನ ಥ್ರಸ್ಟ್ ವಾಷರ್ ಮರೆತರೆ ಅವೆರಡೂ ಉಜ್ಜಿಕೊಂಡು ಕ್ಲಚ್ ಬಿಡುವುದೇ ಇಲ್ಲ. ಈ ಜಾತಿಯ ಎಂಜಿನ್ನಿನಲ್ಲಿ ಮೊದಲ ಸಲ ಕೈ ಹಾಕುವವರು ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಘರ್ಷಣೆ ಪ್ಲೇಟುಗಳನ್ನು ಒಣಗಿದ್ದ ಹಾಗೇ ಹಾಕಬಾರದು. ಎಂಜಿನ್ನಿಗೆ ಹಾಕುವ ಅದೇ ಆಯಿಲಿನಲ್ಲಿ ಮುಳುಗಿಸಿಡಿ. ರಾತ್ರಿಯಿಡೀ ಇಟ್ಟರೆ ಉತ್ತಮ, ಅಷ್ಟು ಹೊತ್ತಿಲ್ಲದಿದ್ದರೆ ಅರ್ಧ ಗಂಟೆಯಾದರೂ ಇರಲಿ. ಪದರ ಆಯಿಲ್ ಹೀರಿಕೊಂಡಿರದಿದ್ದರೆ ಮೊದಲ ಸಲ ಗೇರ್ ಹಾಕಿದಾಗಲೇ ಒಣಗಿ ಉಜ್ಜಿ ಸುಡುತ್ತದೆ. ಜೋಡಿಸುವುದು ಒಂದು ಘರ್ಷಣೆ, ಒಂದು ಉಕ್ಕು, ಹೀಗೆ. ಹೆಚ್ಚಿನ ಬೈಕುಗಳಲ್ಲಿ ಮೊದಲನೆಯದೂ ಕೊನೆಯದೂ ಘರ್ಷಣೆ ಪ್ಲೇಟೇ ಆಗಿರುತ್ತದೆ. ಉಕ್ಕಿನ ಪ್ಲೇಟಿನ ಒಂದು ಅಂಚು ಹರಿತ, ಇನ್ನೊಂದು ನಯ. ಅಚ್ಚಿನಲ್ಲಿ ಕತ್ತರಿಸುವಾಗ ಆಗುವುದು ಅದು. ಎಲ್ಲದರ ನಯವಾದ ಅಂಚು ಒಂದೇ ಕಡೆಗಿರಲಿ, ಯಾವ ಕಡೆ ಎಂದು ಕೈಪಿಡಿ ಹೇಳಿದ್ದರೆ ಹಾಗೆ.

ಪ್ರೆಷರ್ ಪ್ಲೇಟನ್ನು ಸೆಂಟರಿನ ಹಲ್ಲುಗಳಿಗೆ ಸರಿಯಾಗಿ ಕೂರಿಸಿದ ಮೇಲಷ್ಟೇ ಸ್ಪ್ರಿಂಗ್ ಹಾಕಬೇಕು. ಕೂತಿದೆಯೇ ಎಂದು ತಿಳಿಯಲು ಕೈಯಿಂದ ಒತ್ತಿ ತಿರುಗಿಸಲು ಯತ್ನಿಸಿ. ಹಲ್ಲಿನ ಮೇಲೆ ನಿಂತಿದ್ದರೆ ತುಸು ತಿರುಗಿ ‘ಕಟಕ್’ ಎಂದು ಇಳಿಯುತ್ತದೆ. ಹಲ್ಲಿನ ಮೇಲೆ ನಿಂತಿರುವಾಗಲೇ ಬೋಲ್ಟು ಬಿಗಿ ಮಾಡಿ ತಟ್ಟೆ ಒಡೆದವರು ಬಹಳ. ಸ್ಪ್ರಿಂಗಿನ ಬೋಲ್ಟುಗಳು ಬಹುತೇಕ 6 ಮಿ.ಮೀ. ದಪ್ಪದವು, ಅವಕ್ಕೆ ಸುಮಾರು 10ರಿಂದ 12 ನ್ಯೂಟನ್ ಮೀಟರ್ ಸಾಕು. ಬಿಚ್ಚಿದಂತೆಯೇ ಎದುರುಬದುರಾಗಿ, ಮೂರು ಹಂತದಲ್ಲಿ ಬಿಗಿ ಮಾಡಿ. ಟಾರ್ಕ್ ರೆಂಚ್ ಇಲ್ಲದವರು ಸಣ್ಣ ಟಿ ಸ್ಪ್ಯಾನರನ್ನು ಬೆರಳುಗಳಲ್ಲಿ ಹಿಡಿದು ಬಿಗಿ ಮಾಡಬೇಕು. ಮೊಣಕೈ ಬಲ ಇಲ್ಲಿ ಬೇಕಿಲ್ಲ.

ಕವರು ಮುಚ್ಚುವ ಮೊದಲು, ಪುಷ್ ರಾಡ್ ಎಡಗಡೆಯಿಂದ ಬರುವ ಎಂಜಿನ್ನಾದರೆ, ಯಾರಿಂದಲಾದರೂ ಲಿವರ್ ಹಿಡಿಸಿ ತಟ್ಟೆ ಎಲ್ಲ ಕಡೆಯೂ ಸಮನಾಗಿ ಏಳುತ್ತದೆಯೇ ನೋಡಿಕೊಳ್ಳಿ. ಓರೆಯಾಗಿ ಎದ್ದರೆ ಒಂದು ಸ್ಪ್ರಿಂಗು ಸರಿಯಾಗಿ ಕೂತಿಲ್ಲ, ಅಥವಾ ಬಲ ವ್ಯತ್ಯಾಸವಿದೆ. ಕೆಲವು ಸಣ್ಣ ಎಂಜಿನ್ನುಗಳಲ್ಲಿ ತಿರುಗುವ ಆಯಿಲ್ ಫಿಲ್ಟರ್ ಕ್ಲಚ್ಚಿನ ಪಕ್ಕದಲ್ಲೇ, ಇದೇ ಕವರಿನ ಹಿಂದೆ ಇರುತ್ತದೆ. ಕೈ ಅಲ್ಲಿಗೆ ಹೋಗಿರುವಾಗಲೇ ಅದರ ಮುಚ್ಚಳ ತೆಗೆದು ಒಳಗಿನ ಕೆಸರು ಒರೆಸಿಬಿಡಿ, ಮತ್ತೆ ಕವರು ತೆಗೆಯುವ ದಿನ ಬೇಗ ಬರುವುದಿಲ್ಲ.

ಹಳೆಯ ಪ್ಯಾಕಿಂಗನ್ನು ಪ್ಲಾಸ್ಟಿಕ್ ಅಥವಾ ಮರದ ಚೂರಿನಿಂದ ಕೆರೆಯಿರಿ. ಹೊಸ ಕಾಗದದ ಪ್ಯಾಕಿಂಗಿಗೆ ಅಂಟು ಬೇಕಿಲ್ಲ. ಸಿಲಿಕೋನ್ ಅಂಟನ್ನು ಧಾರಾಳವಾಗಿ ಮೆತ್ತಿದರೆ ಹೊರಗೆ ಕಾಣುವಷ್ಟೇ ಒಳಗೂ ಹಿಂಡಿ ಬರುತ್ತದೆ. ಒಳಗಿನ ಎಳೆ ಕಳಚಿ ಆಯಿಲ್ ದಾರಿಗೆ ಅಡ್ಡ ಬಿದ್ದರೆ ಎಂಜಿನ್ನೇ ಕಚ್ಚಿಕೊಳ್ಳುತ್ತದೆ. ಕಿಕ್ಕರ್ ಶಾಫ್ಟ್ ಕವರಿನಿಂದ ಹೊರಬರುವ ಬೈಕಾದರೆ ಶಾಫ್ಟಿನ ಹಲ್ಲುಗಳಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಕವರು ತೂರಿಸಿ, ಆಯಿಲ್ ಸೀಲಿನ ತುಟಿ ಹರಿಯುವುದಿಲ್ಲ.

ಆಯಿಲನ್ನು ಕೈಪಿಡಿ ಹೇಳಿದಷ್ಟೇ ಹಾಕಿ, ಎರಡು ಮೂರು ನಿಮಿಷ ನ್ಯೂಟ್ರಲ್ಲಿನಲ್ಲಿ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮಟ್ಟ ನೋಡಿ. ಎಂಜಿನ್ ಶುರು ಮಾಡುವ ಮೊದಲೇ ಮಾಡಬೇಕಾದ ಒಂದು ಪರೀಕ್ಷೆ ಇದೆ. ಗೇರ್ ಹಾಕಿ ಲಿವರ್ ಹಿಡಿದು ಬೈಕನ್ನು ತಳ್ಳಿ: ತುಸು ಭಾರವೆನಿಸಿದರೂ ಉರುಳಬೇಕು. ಲಿವರ್ ಬಿಟ್ಟು ತಳ್ಳಿ: ಹಿಡಿದು ನಿಲ್ಲಬೇಕು. ಎರಡರಲ್ಲಿ ಒಂದು ಆಗದಿದ್ದರೂ ರಸ್ತೆಗೆ ತೆಗೆಯಬೇಡಿ. ಹೊಸ ಪ್ಲೇಟುಗಳು ಒಂದಕ್ಕೊಂದು ಹೊಂದಿಕೊಳ್ಳಲು ಸ್ವಲ್ಪ ಓಡಾಟ ಬೇಕು. ಅಲ್ಲಿಯ ತನಕ ಒಮ್ಮೆಲೇ ಜೋರಾಗಿ ವೇಗ ಏರಿಸಬೇಡಿ. ಮೊದಲ ಕೆಲವು ದಿನ ಸಡಿಲವನ್ನು ಮತ್ತೆ ಮತ್ತೆ ಅಳೆಯುತ್ತಿರಿ.

ಕೇಬಲ್ಲಿನ ಬದಲು ದ್ರವದಿಂದ ನಡೆಯುವ ಕ್ಲಚ್ ಇರುವವರಿಗೆ ಒಂದೆರಡು ಮಾತು ಸಾಕು. ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆ ಯಾವ ದ್ರವ ಎಂದು ಬರೆದಿರುತ್ತದೆ. ಕೆಲವಕ್ಕೆ ಬ್ರೇಕ್ ದ್ರವ, ಕೆಲವಕ್ಕೆ ಖನಿಜ ತೈಲ. ಒಂದಕ್ಕೆ ಇನ್ನೊಂದು ಹಾಕಿದರೆ ರಬ್ಬರ್ ಸೀಲುಗಳು ಊದಿ ಇಡೀ ವ್ಯವಸ್ಥೆ ಹಾಳಾಗುತ್ತದೆ. ಲಿವರ್ ಮೆತ್ತಗಾಗಿ ಕ್ಲಚ್ ಬಿಡದಿದ್ದರೆ ಒಳಗೆ ಗಾಳಿ ಸೇರಿದೆ, ಅದನ್ನು ಹೊರಹಾಕಬೇಕು. ಬ್ರೇಕ್ ದ್ರವ ಬಣ್ಣವನ್ನು ತಿನ್ನುತ್ತದೆ, ಟ್ಯಾಂಕಿಗೆ ಬಟ್ಟೆ ಮುಚ್ಚಿರಲಿ.

ನಿಮ್ಮಲ್ಲಿ ಕೋರಿಕೆ ಇಷ್ಟೇ. ‘ಸಡಿಲ ಉಳಿಯದಂತೆ ಬಿಗಿ ಮಾಡಿ’ ಎಂಬ ಸಾಲಿಗೆ ತಿದ್ದುಪಡಿಯನ್ನು ಅದೇ ಪುಟದಲ್ಲಿ, ಅದೇ ಗಾತ್ರದಲ್ಲಿ ಹಾಕಿ. ಮುಂದೆ ಇಂಥ ಲೇಖನ ಬರುವಾಗ ಪ್ರತಿ ಭಾಗದ ಅಳತೆ ಮತ್ತು ಮಿತಿಯನ್ನು ಅಂಕಿಯಲ್ಲೇ ಕೊಡಿ. ಆ ಸಾಲು ಓದಿ ಈಗಾಗಲೇ ಕೇಬಲ್ ಬಿಗಿ ಮಾಡಿಕೊಂಡವರು ಇಂದೇ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರನ್ನು ಒಳಗೆ ತಿರುಗಿಸಿ, ಕೈಪಿಡಿಯಲ್ಲಿ ಹೇಳಿದ ಸಡಿಲ ಕೊಡಲಿ. ಆಮೇಲೆ ಸಮತಟ್ಟಾದ, ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಮಧ್ಯಮ ವೇಗದಲ್ಲಿ ಹೋಗುತ್ತಾ ಎಕ್ಸಲರೇಟರನ್ನು ಒಮ್ಮೆಲೇ ತಿರುವಿ ನೋಡಲಿ. ಎಂಜಿನ್ ಸದ್ದೂ ವೇಗವೂ ಒಟ್ಟಿಗೆ ಏರಿದರೆ ಪ್ಲೇಟು ಉಳಿದಿದೆ, ಕವರು ಬಿಚ್ಚಬೇಕಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗ